ಅಪ್ಪಣೆಯ ಚಿತ್ರಗಳು

ಚಿತ್ರ ಬರೆಯುವುದು ಕಸಬೆಂದು ಬಲ್ಲೆವು, ವಿನೋದವೆಂದೂ ಬಲ್ಲೆವು. ಅದನ್ನೇ ಉಪಾಸನೆಯಾಗಿ ನಡೆಸಿದ ಒಬ್ಬಾಕೆಯ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1862ರಲ್ಲಿ ಹುಟ್ಟಿದವಳು. ಸ್ಟಾಕ್‌ಹೋಮಿನ ರಾಯಲ್ ಅಕಾಡೆಮಿಯಲ್ಲಿ ಕಲಿತು, ಭಾವಚಿತ್ರ, ಭೂದೃಶ್ಯಗಳನ್ನು ಬರೆದು ಜೀವನ ಸಾಗಿಸಿದಳು.

ನಾಲ್ವರು ಗೆಳತಿಯರೊಡನೆ ಪ್ರಾರ್ಥನೆ, ಧ್ಯಾನ ಮುಗಿಸಿ ಆಕೆ ಲೋಕಾಂತರದ ಗುರುಗಳ ಮಾತಿಗೆ ಕಾಯುತ್ತಿದ್ದಳು. ಅವರಲ್ಲೊಬ್ಬನ ಹೆಸರು ಆನಂದ! ಅವರ ಅಪ್ಪಣೆಯಾಯಿತೆಂದು 1906ರಲ್ಲಿ ಹೊಸ ಕೆಲಸಕ್ಕೆ ತೊಡಗಿದಳು. ‘ದೇವಾಲಯಕ್ಕಾಗಿ ಚಿತ್ರಗಳು’ ಎಂಬ ಆ ಮಾಲೆ 1915ರಲ್ಲಿ ಮುಗಿದಾಗ 193 ಚಿತ್ರಗಳಾಗಿದ್ದವು. ದೇವಾಲಯ ಮಾತ್ರ ಏಳಲೇ ಇಲ್ಲ.

1907ರ ಹತ್ತು ಚಿತ್ರಗಳಂತೂ ಒಂದೊಂದೂ ಮೂರು ಮೀಟರಿಗೂ ಎತ್ತರ. ಬಾಲ್ಯದಿಂದ ಮುಪ್ಪಿನವರೆಗಿನ ಬಾಳೆಲ್ಲ ಅಲ್ಲಿ ಸುರುಳಿ, ದಳ, ವೃತ್ತಗಳಾಗಿದೆ. ಮೊದಲಿಗೆ ತನ್ನ ಕೈಯನ್ನು ಗುರುಗಳೇ ನಡೆಸಿದರೆಂದಳು. ಕಣ್ಣು ಹೋದ ತಾಯಿಯ ಆರೈಕೆಯ ದಿನಗಳಲ್ಲಿ ನಾಲ್ಕು ವರ್ಷ ಆ ಕೆಲಸ ನಿಂತಿತು. 1912ರಿಂದ ರೂಪಗಳನ್ನು ತಾನೇ ಹವಣಿಸತೊಡಗಿದಳು.

ಆ ಗುರುಗಳು ನಿಜವೋ ಮನಸ್ಸಿನ ಕಲ್ಪನೆಯೋ, ನೀವೇ ಎಣಿಸಿಕೊಳ್ಳಿ. ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ದುಡಿಮೆ. ತಾನು ಬರೆದುದರ ಅರ್ಥವೇನೆಂದು ತಿಳಿಯಲು ಆಕೆ ಸಾವಿರಾರು ಪುಟ ಟಿಪ್ಪಣಿ ಬರೆದಳು. ಕೈಗೆ ಬಂದುದನ್ನೆಲ್ಲ ದೈವವಾಣಿಯೆಂದು ಸಾರುವವರು ಬಹಳ. ಹೀಗೆ ಕುಳಿತು ವಿಚಾರಿಸುವವರು ಕಡಮೆ.

ತಾನು ಸತ್ತು ಇಪ್ಪತ್ತು ವರ್ಷವಾಗುವ ತನಕ ಇವನ್ನು ತೋರಿಸಬಾರದೆಂದು ವಿಧಿಸಿ, ಎಲ್ಲವನ್ನೂ ಸೋದರನ ಮಗನಿಗೆ ಬಿಟ್ಟು 1944ರಲ್ಲಿ ತೀರಿಕೊಂಡಳು. 2018–19ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ಆರು ಲಕ್ಷಕ್ಕೂ ಮಿಕ್ಕ ಜನ ಆ ಚಿತ್ರಗಳನ್ನು ಕಂಡರು. ಆಕೆ ಬಯಸಿದ ದೇವಾಲಯ ಸುರುಳಿಯಾಗಿ ಮೇಲೇರಬೇಕಿತ್ತು. ಆ ಸಂಗ್ರಹಾಲಯವೂ ಹಾಗೆಯೇ ಸುತ್ತಿ ಸುತ್ತಿ ಏರುತ್ತದೆ.