ಕರುಳು ಕಲ್ಲಾಗುವುದು ಕಾಯಿಲೆಯೆ?



ಒಬ್ಬನ ನೋವು ಇನ್ನೊಬ್ಬನಿಗೆ ತಟ್ಟದೆ ಹೋದರೆ ನಾವು 'ಕರುಳಿಲ್ಲದವನು' ಅಂತ ಬೈದು ಸುಮ್ಮನಾಗುತ್ತೇವೆ. ಮನಶ್ಶಾಸ್ತ್ರದವರು ಬೈಯುವುದಿಲ್ಲ, ಹೆಸರಿಡುತ್ತಾರೆ. ಈಗ ಆ ಹೆಸರುಗಳೂ ಬೀದಿಗೆ ಬಂದಿವೆ. ದಲಿತನ ಮೇಲೆ ಕೈ ಮಾಡಿದವನನ್ನು 'ಅವನೊಬ್ಬ ಸೈಕೋ, ತಲೆ ಸರಿ ಇಲ್ಲ, ಬಿಟ್ಟುಬಿಡಿ' ಅನ್ನುವವರಿದ್ದಾರೆ. ಪುತ್ತೂರು, ಸುಳ್ಯ, ಕಡಬದ ಅಡಕೆ ತೋಟಗಳ ಬದಿಯ ಕಾಲನಿಗಳಲ್ಲಿ ಬೆಳೆದ ನಾವು ಈ ಮಾತನ್ನು ಹಾಗೇ ನುಂಗಲು ತಯಾರಿಲ್ಲ. ಯಾವುದು ರೋಗ, ಯಾವುದು ಅಲ್ಲ, ಸ್ವಲ್ಪ ಬಿಡಿಸಿ ನೋಡೋಣ.

ಇನ್ನೊಬ್ಬನ ನೋವನ್ನು ಅರಿಯುವುದರಲ್ಲಿ ಎರಡು ಕೆಲಸ ಉಂಟು. ಅವನಿಗೇನಾಗುತ್ತಿದೆ ಅಂತ ತಿಳಿಯುವುದು ಒಂದು. ತಿಳಿದದ್ದು ನಮ್ಮ ಎದೆಗೂ ತಾಗುವುದು ಇನ್ನೊಂದು. ಸೈಕೋಪಥಿ ಎಂದು ಕರೆಯುವ ಸ್ಥಿತಿಯಲ್ಲಿ ತಿಳಿಯುವುದು ಸಾಮಾನ್ಯವಾಗಿ ಇರುತ್ತದೆ, ತಾಗುವುದು ಬತ್ತಿರುತ್ತದೆ. ಹಾಗಾಗಿ ಎದುರಿನವನ ದುರ್ಬಲ ಜಾಗ ಹುಡುಕಿ ಅಲ್ಲೇ ಒತ್ತಬಲ್ಲ. ಇನ್ನು ಕೆಲವರಿಗೆ ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದೋ, ಆ ಭಾಗ ಸವೆಯುವ ಕಾಯಿಲೆ ಬಂದೋ, ಮಕ್ಕಳನ್ನು ಮುದ್ದಿಸುತ್ತಿದ್ದವರೇ ಕಲ್ಲಿನಂತಾಗುತ್ತಾರೆ. ಅವರನ್ನು ಬೈದು ಫಲವಿಲ್ಲ, ಡಾಕ್ಟರಿಗೆ ತೋರಿಸಬೇಕು.

ಆಟಿಸಂ ಇರುವ ಮಗುವಿನ ವಿಷಯ ಬೇರೆ. ಮುಖ ಕೊಟ್ಟು ಮಾತಾಡುವುದಿಲ್ಲ, ತಾಯಿ ಅತ್ತರೂ ಹತ್ತಿರ ಬರುವುದಿಲ್ಲ, ಅದಕ್ಕೆ ಕರುಳೇ ಇಲ್ಲ ಅಂತಾರೆ. ಸುಳ್ಳು. ಮುಖದ ಸನ್ನೆ ಓದುವುದು ಆ ಮಗುವಿಗೆ ಕಷ್ಟ ಇರಬಹುದು. ಗೊತ್ತಾದ ನೋವು ಅನೇಕರಿಗೆ ತಡೆಯಲಾರದಷ್ಟು ತಾಗುತ್ತದೆ. ಸ್ವತಃ ಆಟಿಸಂ ಇರುವ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದ ಮುಂದಿಟ್ಟರು. ನಾವು ಅವರಿಗೆ ಅರ್ಥವಾಗುವುದಿಲ್ಲ, ಅವರೂ ನಮಗೆ ಅರ್ಥವಾಗುವುದಿಲ್ಲ; ಹಾಗಿರುವಾಗ ಕೊರತೆ ಅಂತ ಒಬ್ಬರ ಹೆಸರಲ್ಲೇ ಬರೆಯುವುದು ಯಾಕೆ ಅಂತ. ಪುಸ್ತಕ ಬರೆಯುವವರು ಎದುರಿನವನನ್ನೇ ಕೊರತೆ ಅನ್ನುವುದು ನಮಗೇನು ಹೊಸದಲ್ಲ ಬಿಡಿ.

ಈಗ ನಮ್ಮ ಊರಿಗೆ ಬರೋಣ. ಪುತ್ತೂರಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಚೋಮನಿಗೆ ಇರುವುದು ಒಂದೇ ಆಸೆ, ತಾನೂ ಬೇಸಾಯ ಮಾಡಬೇಕು. ಧಣಿ ಸಂಕಪ್ಪಯ್ಯನ ಮನಸ್ಸು ಕರಗುತ್ತದೆ, ತಾಯಿ ಬೇಡ ಅಂತಾಳೆ. ಹೊಲೆಯ ಬೇಸಾಯ ಮಾಡುವುದುಂಟೆ! ಅಲ್ಲಿಗೆ ಮುಗಿಯಿತು. ಚೋಮನ ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಉಂಟು, ಮುಟ್ಟಿ ಎತ್ತುವ ಕೈ ಇಲ್ಲ. ಆ ಜನರೆಲ್ಲ ಮಾನಸಿಕ ರೋಗಿಗಳೇ? ಅದೇ ಹೊಳೆಗೆ ಒಂದು ಕರು ಬಿದ್ದಿದ್ದರೆ ಹತ್ತು ಮಂದಿ ಹಾರುತ್ತಿದ್ದರು.

ಅದು ಕಾದಂಬರಿ ಅನ್ನಬಹುದು. ಅಜಲು ಕಾದಂಬರಿ ಅಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಈ ಜಿಲ್ಲೆಯಲ್ಲಿ ಕೊರಗರಿಗೆ ತಿನ್ನಿಸುತ್ತಿದ್ದರು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುತ್ತಿದ್ದರು. ಮನೆಯ ರೋಗ, ಪೀಡೆ ತಿಂದವನಿಗೆ ದಾಟಲಿ ಎಂಬ ನಂಬಿಕೆ. ಗಮನಿಸಿ, ಆ ಅನ್ನ ಕಲಸಿದ ಕೈಯಲ್ಲಿ ಪ್ರೀತಿ ಇತ್ತು. ತನ್ನ ಮಗಳ ಮೇಲೆ, ಮೊಮ್ಮಗುವಿನ ಮೇಲೆ. ಆ ಪ್ರೀತಿ ಅಂಗಳ ದಾಟಲಿಲ್ಲ. 2000ದಲ್ಲಿ ಅಜಲು ನಿಷೇಧದ ಕಾಯ್ದೆ ಬಂತು. ಮನುಷ್ಯನಿಗೆ ಕೂದಲು, ಉಗುರು ತಿನ್ನಿಸಬಾರದು ಅಂತ ಹೇಳಲಿಕ್ಕೆ ಸರಕಾರದ ಕಾಯ್ದೆ ಬೇಕಾಯಿತು, ಅದೂ ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ.

ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಉಂಟು. ಚೀನೀಯರಿಗೆ, ಬಿಳಿಯರಿಗೆ ಮುಖಕ್ಕೆ ಸೂಜಿ ಚುಚ್ಚುವ ದೃಶ್ಯ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ತನ್ನ ಜನಾಂಗದ ಮುಖಕ್ಕೆ ಚುಚ್ಚಿದಾಗ ನೋವಿಗೆ ಮಿಡಿಯುವ ಭಾಗ ಹೆಚ್ಚು ಮಿಡಿಯಿತು, ಬೇರೆಯವರದಕ್ಕೆ ಕಡಿಮೆ. ನೋಡಿದವರೆಲ್ಲ ಆರೋಗ್ಯವಂತರೇ. ನಮ್ಮಲ್ಲಿ ಜಾತಿ ಹೀಗೆ ಕನಿಕರಕ್ಕೆ ಬೇಲಿ ಹಾಕುತ್ತದೆ ಅಂತ ಅಂಬೇಡ್ಕರ್ 1936ರಲ್ಲೇ, ಲಾಹೋರಿನಲ್ಲಿ ಮಾಡಗೊಡದ ಆ ಭಾಷಣದಲ್ಲಿ, ಸ್ಕ್ಯಾನ್ ಇಲ್ಲದೆ ಹೇಳಿದ್ದರು.

ನಮ್ಮ ಅಜ್ಜಿಯಂದಿರು ಧಣಿ ಜಗಲಿಗೆ ಬರುವ ನಡಿಗೆಯಲ್ಲೇ ಇವತ್ತು ಅಕ್ಕಿ ಸಿಗುತ್ತದೋ ಬೈಗುಳವೋ ಹೇಳಿಬಿಡುತ್ತಿದ್ದರು. ಓದದಿದ್ದರೆ ಹೊಟ್ಟೆಗಿಲ್ಲ, ಅದಕ್ಕೆ ಓದಿದರು. ಜಗಲಿಯ ಮೇಲಿದ್ದವನಿಗೆ ಅಂಗಳದವಳ ಮುಖ ಓದುವ ದರ್ದೇ ಇರಲಿಲ್ಲ. ಕಲಿಯದೆಯೇ ಸತ್ತ. ಇದನ್ನು ಯಾವ ಆಸ್ಪತ್ರೆಯ ಚೀಟಿಯಲ್ಲಿ ಬರೆಯುತ್ತೀರಿ?

ಆದುದರಿಂದ ಎರಡು ಕೆಲಸ. ನಮ್ಮ ಕಾಲನಿಯಲ್ಲಿ ಮಾತು ಬಾರದ, ಯಾರನ್ನೂ ಸೇರದ ಮಗು ಇದ್ದರೆ ಮಂತ್ರವಾದಿಯ ನೂಲು ಕಟ್ಟಿಸುವ ಬದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಹೊಡೆಯಬೇಡಿ. ಮತ್ತೆ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಕೊಡಲು ಹೋದಾಗ ಠಾಣೆಯಲ್ಲಿ ಯಾರಾದರೂ 'ಅವನಿಗೆ ತಲೆ ಸರಿ ಇಲ್ಲ ಮಾರಾಯ್ರೆ, ರಾಜಿ ಆಗಿ' ಅಂದರೆ ಒಂದೇ ಪ್ರಶ್ನೆ ಕೇಳಿ: ಸ್ವಂತ ಜಾತಿಯ ಯಾರ ಮೇಲೆ ಅವನು ಹೀಗೆ ಕೈ ಎತ್ತಿದ್ದಾನೆ? ಉತ್ತರ ಬರುವ ತನಕ ಬೆಂಚು ಬಿಟ್ಟು ಏಳಬೇಡಿ.