ಕೂಸಿನ ಬೆಳವಣಿಗೆ ತಪಾಸಣೆ: ಅಲ್ಲಿ ಏನು ನೋಡುತ್ತಾರೆ, ನಾವೇನು ಹೇಳಬೇಕು

(ದೊಡ್ಡಬೆಳವಂಗಲದಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನನಗೆ ಕೊಟ್ಟಿರುವ ವಿಷಯ ಹಸುವಿನದಲ್ಲ, ಮನೆಯ ತೊಟ್ಟಿಲಲ್ಲಿರುವ ಕೂಸಿನದು. ಆದರೂ ಮಾತನ್ನು ಕೊಟ್ಟಿಗೆಯಿಂದಲೇ ಆರಂಭಿಸುತ್ತೇನೆ. ಏಕೆಂದರೆ ಅಲ್ಲಿನ ವಿಷಯ ನಿಮಗೆ ಚೆನ್ನಾಗಿ ಗೊತ್ತು. ಕರು ಹುಟ್ಟಿದ ಮೇಲೆ ಎಷ್ಟು ಹೊತ್ತಿಗೆ ಎದ್ದು ನಿಂತಿತು, ಗಿಣ್ಣು ಹಾಲು ಕುಡಿಯಿತೇ ಎಂದು ನೀವು ಕಣ್ಣಿಟ್ಟು ನೋಡುತ್ತೀರಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ಎತ್ತಿನ ಹಲ್ಲು ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ನೋಡದೆ ಯಾರೂ ಹಗ್ಗ ಹಿಡಿಯುವುದಿಲ್ಲ. ಆದರೆ ಮನೆಯ ಮಗುವಿನ ವಿಷಯ ಬಂದಾಗ ಮಾತ್ರ "ತಾನಾಗಿಯೇ ಬೆಳೆಯುತ್ತೆ ಬಿಡಿ" ಎಂದು ಸುಮ್ಮನಾಗುತ್ತೇವೆ.

ಮಕ್ಕಳಿಗೆ ಲಸಿಕೆ ಹಾಕಿಸುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತನೇ ತಿಂಗಳು ಎಂದು ಲೆಕ್ಕವಿಟ್ಟು ಬರುತ್ತಾರೆ. ಸೂಜಿ ಚುಚ್ಚಿಸಿದ ಕೂಡಲೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಲಸಿಕೆ ರೋಗ ಬಾರದಂತೆ ತಡೆಯುತ್ತದೆ, ನಿಜ. ಆದರೆ ಮಗುವಿಗೆ ಕಣ್ಣು ಕಾಣುತ್ತಿದೆಯೇ, ಕಿವಿ ಕೇಳುತ್ತಿದೆಯೇ, ಕತ್ತು ನಿಂತಿದೆಯೇ ಎಂಬುದನ್ನು ಲಸಿಕೆ ಹೇಳುವುದಿಲ್ಲ. ಅದನ್ನು ಹೇಳುವುದು ಬೆಳವಣಿಗೆ ತಪಾಸಣೆ. ಲಸಿಕೆಗೆ ಹೋದ ದಿನವೇ "ಮಗುವಿನ ಬೆಳವಣಿಗೆಯನ್ನೂ ನೋಡಿ" ಎಂದು ಕೇಳಿ. ಅದಕ್ಕಾಗಿ ಇನ್ನೊಂದು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ.

ತಪಾಸಣೆಯಲ್ಲಿ ನಡೆಯುವುದೇನು?

ಮೊದಲು ತೂಕ. ಮಗುವಿನ ಬಟ್ಟೆ ಬಿಚ್ಚಿ ತೂಗುತ್ತಾರೆ. ಚಳಿಯಾಗುತ್ತದೆಂದು ಸ್ವೆಟರ್, ಟೋಪಿ ಸಮೇತ ತೂಗಿಸಿದರೆ ಪಾತ್ರೆಯ ತೂಕವನ್ನೂ ಸೇರಿಸಿ ಹಾಲು ಅಳೆದಂತಾಗುತ್ತದೆ. ಎರಡು ವರ್ಷದ ಒಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯುತ್ತಾರೆ. ಆಮೇಲೆ ತಲೆಯ ಸುತ್ತಳತೆಯನ್ನು ಟೇಪಿನಿಂದ ತೆಗೆದುಕೊಳ್ಳುತ್ತಾರೆ. ತಲೆ ಬೆಳೆಯುವ ಬಗೆ ನೋಡಿದರೆ ಒಳಗೆ ಮೆದುಳು ಬೆಳೆಯುತ್ತಿರುವುದು ತಿಳಿಯುತ್ತದೆ. ಸಾಮಾನ್ಯವಾಗಿ ಹುಟ್ಟಿದಾಗಿನ ತೂಕ ಸುಮಾರು ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ.

ಈ ತೂಕವನ್ನು ತಾಯಿ ಕಾರ್ಡಿನ ಬೆಳವಣಿಗೆ ಪಟದಲ್ಲಿ ಚುಕ್ಕೆಯಿಟ್ಟು ಗುರುತಿಸುತ್ತಾರೆ. ಹಸಿರು ಪಟ್ಟಿಯಲ್ಲಿದ್ದರೆ ಸರಿಯಾದ ತೂಕ, ಹಳದಿಯಲ್ಲಿದ್ದರೆ ಕಡಿಮೆ, ಕಿತ್ತಳೆಯಲ್ಲಿದ್ದರೆ ತೀರಾ ಕಡಿಮೆ. ಒಂದು ದಿನದ ಫ್ಯಾಟು ನೋಡಿ ಹಸುವಿನ ಗುಣ ಹೇಳಲಾಗುವುದಿಲ್ಲ, ಪಾಸ್ ಪುಸ್ತಕದ ನಾಲ್ಕಾರು ವಾರ ನೋಡಬೇಕು. ಇದೂ ಹಾಗೆಯೇ. ಒಂದು ಚುಕ್ಕೆಗಿಂತ ಗೆರೆ ಮೇಲೇರುತ್ತಿದೆಯೇ, ಮಲಗಿದೆಯೇ, ಇಳಿಯುತ್ತಿದೆಯೇ ಎಂಬುದು ಮುಖ್ಯ. ತೂಗಿದರೆ ದೃಷ್ಟಿ ತಾಗುತ್ತದೆಂದು ಮನೆಯ ಅಜ್ಜಿಯರು ಹೇಳಿದರೆ ಜಗಳ ಬೇಡ. ಕೆನ್ನೆಗೊಂದು ಬೊಟ್ಟಿಟ್ಟುಕೊಂಡೇ ಕರೆತನ್ನಿ. ಕಣ್ಣೊಳಗೆ ಮಾತ್ರ ಕಾಡಿಗೆ ಹಚ್ಚಬೇಡಿ.

ಎರಡನೆಯದಾಗಿ ಮೈ ನೋಡುತ್ತಾರೆ. ನೆತ್ತಿ ಮುಟ್ಟಿ ನೋಡುತ್ತಾರೆ, ಎದೆಬಡಿತ ಕೇಳುತ್ತಾರೆ, ಕಣ್ಣಿಗೆ ಬೆಳಕು ಬಿಡುತ್ತಾರೆ, ಸೊಂಟದ ಕೀಲು ಸರಿಯಿದೆಯೇ ಎಂದು ತೊಡೆಗಳನ್ನು ಮಡಿಸಿ ಅಗಲಿಸುತ್ತಾರೆ. ಮಗು ಅಳಬಹುದು. ನೋವಿಗಿಂತ ಹೊಸ ಕೈಯ ಗಾಬರಿಯೇ ಹೆಚ್ಚು.

ಮೂರನೆಯದು ನೋಡುವವರಿಗೆ ಆಟದಂತೆ ಕಾಣುತ್ತದೆ. ಕೆಂಪು ಉಂಡೆಯೊಂದನ್ನು ಮಗುವಿನ ಮುಖದ ಮುಂದೆ ಅತ್ತಿತ್ತ ಆಡಿಸುತ್ತಾರೆ; ಕಣ್ಣು ಅದರ ಹಿಂದೆ ಹೋಗುತ್ತದೆಯೇ? ಕಣ್ಣಿಗೆ ಕಾಣದಂತೆ ಕಿವಿಯ ಬಳಿ ಗಿಲಕಿ ಆಡಿಸುತ್ತಾರೆ, ಬೆಚ್ಚುತ್ತದೆಯೇ, ತಿರುಗುತ್ತದೆಯೇ? ಎರಡು ಕೈ ಹಿಡಿದು ಮೆಲ್ಲಗೆ ಎತ್ತುತ್ತಾರೆ. ಕತ್ತು ಜೊತೆಗೆ ಬರುತ್ತದೆಯೇ, ಹಿಂದಕ್ಕೆ ಜೋಲುತ್ತದೆಯೇ? ದೊಡ್ಡ ಕೂಸಾದರೆ ಚಿಕ್ಕ ವಸ್ತು ಕೊಟ್ಟು, ಇಡೀ ಅಂಗೈಯಿಂದ ಬಾಚಿಕೊಳ್ಳುತ್ತದೆಯೋ ಎರಡು ಬೆರಳಲ್ಲಿ ಹೆಕ್ಕುತ್ತದೆಯೋ ನೋಡುತ್ತಾರೆ. ಇದು ಪಾಸು ಫೇಲಿನ ಪರೀಕ್ಷೆಯಲ್ಲ. ಮಗು ನಿದ್ದೆಗಣ್ಣಲ್ಲಿದ್ದರೆ, ಹಸಿದಿದ್ದರೆ ಏನೂ ಮಾಡದಿರಬಹುದು. ಆಗ ಇನ್ನೊಮ್ಮೆ ಕರೆತರಲು ಹೇಳುತ್ತಾರೆ. ಹೊರಡುವ ಮುನ್ನ ಹೊಟ್ಟೆ ತುಂಬಾ ಹಾಲು ಕುಡಿಸಿಕೊಂಡು ಬನ್ನಿ.

ನೀವು ಹೇಳಬೇಕಾದ್ದು

ಡಾಕ್ಟರು ಮಗುವನ್ನು ನೋಡುವುದು ಹತ್ತು ನಿಮಿಷ. ನೀವು ಹಗಲಿರುಳು ನೋಡುತ್ತೀರಿ. ಆದ್ದರಿಂದ ಅವರು ನಿಮ್ಮನ್ನು ಕೇಳುತ್ತಾರೆ: ದಿನ ತುಂಬಿ ಹುಟ್ಟಿತೇ? ಹುಟ್ಟಿದ ಕೂಡಲೇ ಅತ್ತಿತೇ? ಕಾಮಾಲೆ, ಫಿಟ್ಸ್ ಬಂದಿತ್ತೇ? ತಂದೆ ತಾಯಿ ರಕ್ತಸಂಬಂಧಿಗಳೇ? ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಿಂದಿನಿಂದ ಬಂದದ್ದು. ಕೇಳಿದವರು ನಿಮ್ಮನ್ನು ಹಳಿಯಲು ಕೇಳುವುದಿಲ್ಲ. ಕಿವುಡುತನದಂತಹ ಕೆಲವು ತೊಂದರೆಗಳು ಇಂತಹ ಮದುವೆಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ಕೇಳುತ್ತಾರೆ. ಮುಚ್ಚಿಟ್ಟರೆ ನಷ್ಟ ಮಗುವಿಗೆ. ಬಾಣಂತಿಗೆ ಸದಾ ಅಳು ಬರುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದನ್ನೂ ಹೇಳಿ. ಅದೂ ಒಂದು ಕಾಯಿಲೆ, ಚಿಕಿತ್ಸೆಯಿದೆ.

ಮಗು ಏನು ಕುಡಿಯುತ್ತದೆ ಎಂದೂ ಕೇಳುತ್ತಾರೆ. ಹಾಲು ಉತ್ಪಾದಕರ ಸಭೆಯಲ್ಲೇ ಈ ಮಾತು ಹೇಳಬೇಕು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಹಸುವಿನ ಹಾಲು, ಎಮ್ಮೆ ಹಾಲು, ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳ ನಂತರ ತಾಯಿಯ ಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ತರಕಾರಿ, ಮೊಟ್ಟೆ ಕೊಡಬೇಕು. ವರ್ಷ ತುಂಬುವ ಮೊದಲು ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಿದರೆ ಮಗುವಿಗೆ ಕಬ್ಬಿಣದ ಅಂಶ ಸಾಲದೆ ರಕ್ತಹೀನತೆ ಬರುತ್ತದೆ. ರಕ್ತ ಕಡಿಮೆಯಾದ ಮಗು ಮಂಕಾಗುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ನಮ್ಮ ಹಾಲು ಒಳ್ಳೆಯದೇ. ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿ ಮಕ್ಕಳಿಗೆ ಹಾಲು ಕೊಡುವುದೂ ಅದಕ್ಕಾಗಿಯೇ. ಆದರೆ ಅದು ನಡೆದಾಡುವ ಮಕ್ಕಳಿಗೆ, ತೊಟ್ಟಿಲ ಕೂಸಿಗಲ್ಲ.

ಯಾವುದು ನಿಧಾನ, ಯಾವುದು ತಡ?

ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಕೆಲಸ ಮಾಡುವುದಿಲ್ಲ. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಆಧಾರವಿಲ್ಲದೆ ಕೂರುವುದು ಸುಮಾರು 4 ತಿಂಗಳಿಂದ 9 ತಿಂಗಳವರೆಗೆ ಯಾವಾಗಲಾದರೂ ಆಗಬಹುದು. ತಾನಾಗಿ ನಡೆಯುವುದು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಆಗಬಹುದು. ಆದ್ದರಿಂದ ಪಕ್ಕದ ಮನೆಯ ಮಗು ನಡೆಯಿತೆಂದು ಗಾಬರಿ ಬೇಡ. ದಿನ ತುಂಬದೆ ಹುಟ್ಟಿದ ಮಗುವಾದರೆ ಎಷ್ಟು ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಬೇಕು. ಎರಡು ತಿಂಗಳು ಮುಂಚೆ ಹುಟ್ಟಿ ಈಗ ಆರು ತಿಂಗಳಾಗಿದ್ದರೆ ನಾಲ್ಕು ತಿಂಗಳ ಮಗುವಿನಂತೆ ನೋಡಬೇಕು.

ಆದರೆ ಪ್ರತಿಯೊಂದಕ್ಕೂ ಒಂದು ಗಡಿಯಿದೆ. ಈ ಗಡಿ ದಾಟಿದರೆ ಕಾಯಬಾರದು:

- ಮೂರು ತಿಂಗಳಾದರೂ ನಿಮ್ಮ ಮುಖ ನೋಡಿ ನಗದಿದ್ದರೆ.
- ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ.
- ಆರು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿದ್ದರೆ.
- ಹತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ.
- ವರ್ಷವಾದರೂ ಬಾಬಾ, ಮಾಮಾ ಎಂಬಂತಹ ತೊದಲು ಇಲ್ಲದಿದ್ದರೆ, ಹಿಡಿದುಕೊಂಡೂ ನಿಲ್ಲದಿದ್ದರೆ.
- ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಒಂದು ಮಾತೂ ಬಾರದಿದ್ದರೆ.
- ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ನಗು, ಮಾತು, ಆಟ ನಿಂತುಹೋದರೆ, ಫಿಟ್ಸ್ ಬಂದರೆ, ಮೈ ಕಟ್ಟಿಗೆಯಂತೆ ಬಿಗಿದಿದ್ದರೆ ಅಥವಾ ಬಟ್ಟೆಯಂತೆ ಜೋಲುತ್ತಿದ್ದರೆ.

"ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂಬ ಸಮಾಧಾನದಲ್ಲಿ ಹೋಗುವ ತಿಂಗಳುಗಳು ಮತ್ತೆ ಬರುವುದಿಲ್ಲ. ಥೈರಾಯ್ಡ್ ಗ್ರಂಥಿ ಸರಿಯಿಲ್ಲದೆ ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲೇ ದಿನಕ್ಕೊಂದು ಮಾತ್ರೆ ಆರಂಭಿಸಿದರೆ ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿಯ ನಷ್ಟವನ್ನು ತುಂಬಲಾಗುವುದಿಲ್ಲ. ಕಿವಿ ಕೇಳದ ಮಗುವನ್ನು ಮೂರು ತಿಂಗಳೊಳಗೆ ಗುರುತಿಸಿ ಆರು ತಿಂಗಳೊಳಗೆ ಚಿಕಿತ್ಸೆ ಆರಂಭಿಸಬೇಕೆಂಬುದು ತಜ್ಞರ ನಿಯಮ. ಕೇಳಿಸಿಕೊಂಡ ಮಗುವಿಗೆ ಮಾತು ಬರುತ್ತದೆ. ಮಾತು ಬರಲೆಂದು ಮೂರು ವರ್ಷ ಕಾದರೆ ಮಾತು ಕಲಿಯುವ ಒಳ್ಳೆಯ ಕಾಲವೇ ಕಳೆದಿರುತ್ತದೆ.

ಯಾರ ಬಳಿ ಹೋಗಬೇಕು?

ದೂರ ಹೋಗಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಆಮೇಲೆ 3, 6, 9, 12 ಮತ್ತು 15ನೇ ತಿಂಗಳಲ್ಲಿ ಬರಬೇಕೆಂಬ ನಿಯಮವಿದೆ. ಅವರು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ ಮಗುವನ್ನು ತೋರಿಸಿ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರುತ್ತದೆ. ತೊಂದರೆ ಕಂಡ ಮಕ್ಕಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಉಚಿತ ಚಿಕಿತ್ಸೆ ಕೊಡಿಸುವುದೂ ಆ ಕಾರ್ಯಕ್ರಮದ ಕೆಲಸ. ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆಂದ ಮಾತ್ರಕ್ಕೆ ಮಗುವಿಗೆ ದೊಡ್ಡ ಕಾಯಿಲೆಯೇ ಇದೆ ಎಂದಲ್ಲ. ಅನುಮಾನ ಬಗೆಹರಿಸಿಕೊಳ್ಳಲು ಕಳಿಸುತ್ತಾರೆ. ಆ ಚೀಟಿಯನ್ನು ತಾರಸಿಯ ತೊಲೆಗೆ ಸಿಕ್ಕಿಸಿ ಮರೆಯಬೇಡಿ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಹಸು ಮಂಕಾದರೆ ಡೇರಿಗೆ ಹಾಲು ಹಾಕಿದವರೇ ನೇರವಾಗಿ ಪಶುವೈದ್ಯರ ಮನೆಗೆ ಹೋಗುತ್ತೀರಿ. ತಪಾಸಣೆಯ ದಿನ ಹೆಂಡತಿಯ ಜೊತೆಗೆ ನೀವೂ ಬನ್ನಿ. ತಾಯಿ ಕಾರ್ಡು ನಿಮ್ಮ ಜೇಬಿನಲ್ಲಿರಲಿ. ಡಾಕ್ಟರು ಹೇಳಿದ್ದನ್ನು ಇಬ್ಬರು ಕೇಳಿದರೆ ಮನೆಗೆ ಹೋಗಿ ಹಿರಿಯರಿಗೆ ವಿವರಿಸುವುದು ಸುಲಭ. ಒಬ್ಬಳೇ ಸೊಸೆ ಹೇಳಿದರೆ ಎಷ್ಟೋ ಮನೆಗಳಲ್ಲಿ ಆ ಮಾತು ನಡೆಯುವುದಿಲ್ಲ ಎಂಬುದು ನಿಮಗೂ ಗೊತ್ತು.

ಮನೆಯಲ್ಲಿ ಎರಡು ವರ್ಷದೊಳಗಿನ ಕೂಸಿರುವವರು ಇಂದೇ ತಾಯಿ ಕಾರ್ಡು ತೆಗೆದು ಕೊನೆಯ ಚುಕ್ಕೆ ಯಾವ ತಿಂಗಳದು ಎಂದು ನೋಡಿ. ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ ಈ ವಾರವೇ ಅಂಗನವಾಡಿಗೆ ಕರೆದುಕೊಂಡು ಹೋಗಿ.