ತೀರದ ಚಿಂತೆ: ಗುರುತಿಸುವುದು ಹೇಗೆ, ಎಲ್ಲಿಗೆ ಕರೆದೊಯ್ಯುವುದು?

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿ ಕಚೇರಿಗೆ ಬರುವ ಒಂದು ಬಗೆಯ ಅರ್ಜಿದಾರರನ್ನು ತಾವೆಲ್ಲರೂ ಬಲ್ಲಿರಿ. ಇ-ಸ್ವತ್ತು ಆಗಿರುತ್ತದೆ, ಪ್ರತಿಯೂ ಕೈ ಸೇರಿರುತ್ತದೆ, ಆದರೂ ಮರುದಿನ ಬಂದು "ಸ್ವಾಮಿ, ಖಾತೆ ಸರಿಯಾಗಿದೆ ತಾನೆ?" ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಮಗ ಫೋನ್ ಎತ್ತದಿದ್ದರೆ ಅಪಘಾತವೇ ಆಗಿದೆಯೆಂಬ ಭಯ. ಹಸು ಮೇವು ಬಿಟ್ಟರೆ ಭಯ. ಮೋಡ ಕವಿದರೂ ಭಯ, ಕವಿಯದಿದ್ದರೂ ಭಯ. ಇಂಥವರನ್ನು 'ಪುಕ್ಕಲು' ಎಂದು ಕರೆದು ನಾವು ಸುಮ್ಮನಾಗುತ್ತೇವೆ. ಆದರೆ ಅವರಲ್ಲಿ ಕೆಲವರಿಗೆ ಇರುವುದು ಸ್ವಭಾವದೋಷವಲ್ಲ, ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ. ವೈದ್ಯರು ಅದನ್ನು ಸಾಮಾನ್ಯೀಕೃತ ಆತಂಕದ ಕಾಯಿಲೆ ಎನ್ನುತ್ತಾರೆ.

ನಮ್ಮ ಸೀಮೆಯಲ್ಲಿ ಚಿಂತೆಯ ಕಾರಣಗಳಿಗೆ ಮಾತ್ರ ಬರವಿಲ್ಲ. ಕಡಲೆಕಾಯಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ, ಕೊಳವೆಬಾವಿ ಬತ್ತಿದರೆ, ಸಂಘದ ಕಂತಿನ ದಿನ ಹತ್ತಿರ ಬಂದರೆ ಯಾರಿಗೆ ತಾನೆ ನಿದ್ದೆ ಬಂದೀತು? ಅದು ಕಾಯಿಲೆಯಲ್ಲ. ಮಳೆ ಬಂದಾಗ, ಕಂತು ಕಟ್ಟಿದಾಗ ಆ ಚಿಂತೆ ಇಳಿಯುತ್ತದೆ. ಇಳಿಯದೆ, ಒಂದು ತೀರಿದೊಡನೆ ಮತ್ತೊಂದಕ್ಕೆ ಹಬ್ಬುತ್ತ, ಬಹುತೇಕ ಎಲ್ಲ ದಿನವೂ ಕಾಡುತ್ತ ಆರು ತಿಂಗಳಿಗೂ ಮೀರಿ ಉಳಿದರೆ, ಅದರಿಂದ ಮನೆ ಹೊಲದ ಕೆಲಸ ಕೆಟ್ಟರೆ, ಆಗ ವೈದ್ಯರಿಗೆ ತೋರಿಸಬೇಕು.

ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ಪಂಪ್‌ಸೆಟ್ಟಿನ ಉದಾಹರಣೆಯನ್ನೇ ಕೊಡುತ್ತೇನೆ. ಸ್ಟಾರ್ಟರ್‌ನಲ್ಲಿರುವ ಓವರ್‌ಲೋಡ್ ರಿಲೇ ಮೋಟಾರು ಸುಡದಂತೆ ಕಾಯುವ ಸಾಧನ. ಅದರ ಸೆಟ್ಟಿಂಗ್ ತೀರ ಕೆಳಗಿದ್ದರೆ ಮೋಟಾರು ಚೆನ್ನಾಗಿದ್ದರೂ ಮತ್ತೆ ಮತ್ತೆ ಟ್ರಿಪ್ ಆಗುತ್ತದೆ. ಆಗ ಮೋಟಾರು ಬಿಚ್ಚಿ ಕಾಯಿಲ್ ಕಟ್ಟಿಸುವವನು ದುಡ್ಡು ಕಳೆದುಕೊಳ್ಳುತ್ತಾನೆ. ಭಯವೂ ದೇಹವನ್ನು ಕಾಯುವ ಸಾಧನವೇ. ಈ ಕಾಯಿಲೆಯಲ್ಲಿ ಅದು ಅಗತ್ಯವಿಲ್ಲದಾಗಲೂ ಎಚ್ಚರಿಸುತ್ತಿರುತ್ತದೆ.

ತೊಡಕಿರುವುದು ಗುರುತಿಸುವುದರಲ್ಲಿ. ಹಳ್ಳಿಯಲ್ಲಿ ಯಾರೂ 'ನನಗೆ ಆತಂಕ' ಎಂದು ಹೇಳಿಕೊಂಡು ಬರುವುದಿಲ್ಲ. ಎದೆ ಡವಡವ ಎನ್ನುತ್ತದೆ, ಕತ್ತು ಭುಜ ಹಿಡಿದುಕೊಂಡಿದೆ, ಗ್ಯಾಸ್ಟ್ರಿಕ್, ಸುಸ್ತು, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಸಿಡುಕು ಎನ್ನುತ್ತಾರೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಸುಮಾರು ಎರಡರಷ್ಟು. ಇ.ಸಿ.ಜಿ., ಸ್ಕ್ಯಾನಿಂಗ್, ಮತ್ತೊಂದು ಊರಿನ ಆಸ್ಪತ್ರೆ ಎಂದು ಸಾಲ ಮಾಡಿ ಅಲೆದ ಮೇಲೆ "ಏನೂ ಇಲ್ಲ" ಎಂಬ ಉತ್ತರ ಬರುತ್ತದೆ. ನನ್ನ ಮಟ್ಟಿಗೆ ಅತ್ಯಂತ ದುಬಾರಿಯಾದ ಉತ್ತರ ಅದೇ. ನೋವು ಅನುಭವಿಸುತ್ತಿರುವವರಿಗೆ ಅದು ಸುಳ್ಳನೆಂಬ ಪಟ್ಟ ಕಟ್ಟುತ್ತದೆ. ಪರೀಕ್ಷೆಯೇ ಬೇಡವೆಂದು ಇದರ ಅರ್ಥವಲ್ಲ. ಥೈರಾಯ್ಡ್, ರಕ್ತಹೀನತೆ, ಹೃದಯದ ತೊಂದರೆಗಳೂ ಇದೇ ಲಕ್ಷಣ ತೋರುವುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಲೇಬೇಕು.

ವೈದ್ಯರು ಬಳಸುವ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಮೊದಲೆರಡನ್ನು ತಾವೂ ಕೇಳಬಹುದು: ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ದಿಗಿಲು, ತಳಮಳ ಇತ್ತು? ಚಿಂತೆಯನ್ನು ನಿಲ್ಲಿಸಲು ಎಷ್ಟು ದಿನ ಆಗಲಿಲ್ಲ? ಅರ್ಧಕ್ಕಿಂತ ಹೆಚ್ಚು ದಿನ ಎಂಬ ಉತ್ತರ ಬಂದರೆ ರೋಗದ ಹೆಸರನ್ನು ತಾವು ಹೇಳಬೇಕಿಲ್ಲ, ವೈದ್ಯರಲ್ಲಿಗೆ ಕಳುಹಿಸಿದರೆ ಸಾಕು.

ಈ ಕಾಳಜಿ ನಮ್ಮ ಸೀಮೆಗೆ ಹೊಸದೇನಲ್ಲ. ನಿಮ್ಹಾನ್ಸ್ ಸಂಸ್ಥೆ ಬೆಂಗಳೂರಿನ ಹೊರಗೆ ವಿಸ್ತರಣಾ ಚಿಕಿತ್ಸಾಲಯ ನಡೆಸಿದ ಊರುಗಳಲ್ಲಿ ಗೌರಿಬಿದನೂರು, ಕನಕಪುರ, ಮದ್ದೂರುಗಳೊಡನೆ ಮಧುಗಿರಿಯೂ ಸೇರಿದೆ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಷ್ಟಾದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92ರಷ್ಟಿತ್ತು.

ಈಗ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯ ಏರ್ಪಾಡಿದೆ. ತಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಪಾವಗಡದ ಗಡಿ ಹಳ್ಳಿಯಿಂದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಿದರೆ ಮತ್ತೆ ಬರಲಾರರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆಪ್ತಸಮಾಲೋಚನೆ, ಮಾತ್ರೆ ಅಥವಾ ಎರಡೂ ಸೇರಿ ಚಿಕಿತ್ಸೆಯಾಗುತ್ತದೆ. ಮಾತ್ರೆಯ ಗುಣ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಎಂಟೇ ದಿನಕ್ಕೆ "ಹಿಡಿಯಲಿಲ್ಲ" ಎಂದು ಬಿಟ್ಟುಬಿಡುವವರೇ ಹೆಚ್ಚು. ಅಲ್ಲಿ ಮನೆಯವರ ಒತ್ತಾಸೆ ಬೇಕು. ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ನುಂಗುವುದು ಬೇಡ, ಅದು ಚಟವಾಗುತ್ತದೆ. ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚುವವರನ್ನು ಯಾರೂ ತಡೆಯಬೇಕಿಲ್ಲ. ದೀಪ ಹಚ್ಚಿ ಬರುವ ದಾರಿಯಲ್ಲೇ ಆಸ್ಪತ್ರೆಯೂ ಇದೆ. ಆದರೆ ಸಾಯುವ ಮಾತಾಡಿದವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕ ತೆಗೆದಿಟ್ಟು, ಅದೇ ದಿನ ಆಸ್ಪತ್ರೆಗೆ ಸೇರಿಸಿ.

ತಾವು ಜನಪ್ರತಿನಿಧಿಗಳು, ಜನ ತಮ್ಮ ಮಾತನ್ನು ಕೇಳುತ್ತಾರೆ, ಆದ್ದರಿಂದಲೇ ತಮಗೆ ಹೇಳಲು ಹೆದರಲೂಬಹುದು. ಹೇಳಿದ್ದು ತಮ್ಮಲ್ಲೇ ಉಳಿಯಲಿ. ಇಂಥವರ ಹೆಸರು ಗ್ರಾಮಸಭೆಯಲ್ಲಾಗಲಿ, ನಡಾವಳಿಯಲ್ಲಾಗಲಿ, ವಾರ್ಡಿನ ವಾಟ್ಸಾಪ್ ಗುಂಪಿನಲ್ಲಾಗಲಿ ಬರಕೂಡದು. ಹೆಣ್ಣುಮಕ್ಕಳ ವಿಷಯದಲ್ಲಿ ಆಶಾ ಕಾರ್ಯಕರ್ತೆಯ ಮೂಲಕ ಮಾತನಾಡಿಸುವುದು ಮೇಲು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಿ, 14416 ಸಂಖ್ಯೆಯನ್ನೂ ಮಂಗಳವಾರದ ವಿವರವನ್ನೂ ಪಂಚಾಯಿತಿ ಕಚೇರಿ, ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ಬರೆಸಬೇಕೆಂದು ಕೋರುತ್ತೇನೆ.